ಹುಲ್ಲುಗಾವಲಿನ ಮಣ್ಣು ಯಾಕಷ್ಟು ಫಲವತ್ತು? ಉಕ್ರೇನ್ ಕರಿಮಣ್ಣೂ ನಮ್ಮ ಎರೆಮಣ್ಣೂ ಒಂದೇನಾ?

ಕೆಎಎಸ್_ತಯಾರಿ_ದಾವಣಗೆರೆ
ಎಲ್ರಿಗೂ ನಮಸ್ಕಾರ. ಭೂಗೋಳ ಓದ್ತಾ ಒಂದು ಕಡೆ ಸಿಕ್ಕಾಕೊಂಡಿದೀನಿ. ಕೋಚಿಂಗ್‌ನಲ್ಲಿ ಕೇಳಿದ್ರೆ "ಇಷ್ಟು ಬರೆದ್ರೆ ಮಾರ್ಕ್ಸ್ ಬರುತ್ತೆ, ಮುಂದಕ್ಕೆ ಹೋಗಿ" ಅಂತಾರೆ. ಪುಸ್ತಕದಲ್ಲಿರೋದು ಹೀಗೆ: ಮರ ಬೆಳೆಯೋಕೆ ಸಾಲದಷ್ಟು, ಮರುಭೂಮಿಗಿಂತ ಜಾಸ್ತಿ ಮಳೆ ಬೀಳೋ ಕಡೆ ಹುಲ್ಲುಗಾವಲು. ಉತ್ತರ ಅಮೆರಿಕದಲ್ಲಿ ಪ್ರೈರಿ, ಅರ್ಜೆಂಟೀನಾದಲ್ಲಿ ಪಂಪಾಸ್, ಉಕ್ರೇನ್‌ನಿಂದ ಮಂಗೋಲಿಯಾವರೆಗೆ ಸ್ಟೆಪಿ, ದಕ್ಷಿಣ ಆಫ್ರಿಕಾದಲ್ಲಿ ವೆಲ್ಡ್, ಆಸ್ಟ್ರೇಲಿಯಾದಲ್ಲಿ ಡೌನ್ಸ್. ಬಾಯಿಪಾಠ ಆಯ್ತು. ಆದ್ರೆ ಮಳೆ ಕಮ್ಮಿ ಇರೋ ಈ ಜಾಗಗಳ ಮಣ್ಣೇ ಜಗತ್ತಲ್ಲೇ ಅತಿ ಫಲವತ್ತು ಅಂತಾರೆ, ವರ್ಷಕ್ಕೆ 2000 ಮಿ.ಮೀ. ಮಳೆ ಸುರಿಯೋ ಅಮೆಜಾನ್ ಕಾಡಿನ ಮಣ್ಣು ಸತ್ವ ಇಲ್ಲದ್ದು ಅಂತಾರೆ. ಇದು ಉಲ್ಟಾ ಅಲ್ವಾ? ಇನ್ನೊಂದು, ಉಕ್ರೇನ್‌ನ ಚೆರ್ನೋಜೆಮ್ ಅನ್ನೋ ಮಣ್ಣೂ ಕಪ್ಪು, ನಮ್ಮ ಕಡೆ ಎರೆಮಣ್ಣೂ ಕಪ್ಪು. ಎರಡೂ ಒಂದೇ ಜಾತಿನಾ? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಸುಮ್ನೆ_ಓದುಗ
ಒಳ್ಳೆ ಪ್ರಶ್ನೆ, ನಾನೂ ಕಾಯ್ತಿದೀನಿ.

ಭೂಗೋಳ_ಮೇಷ್ಟ್ರು
ಉಲ್ಟಾ ಏನಿಲ್ಲಮ್ಮ. ಮಳೆ ಜಾಸ್ತಿ ಆದಷ್ಟೂ ಮಣ್ಣಿನ ಸತ್ವ ತೊಳ್ಕೊಂಡು ಕೆಳಗಿಳಿಯುತ್ತೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಷ್ ಎಲ್ಲಾ ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿಯುತ್ತೆ, ಅದಕ್ಕೇ ಅಮೆಜಾನ್ ಮಣ್ಣು ಕೆಂಪು, ಹಳದಿ, ಹುಳಿ. ಅಲ್ಲಿ ಸತ್ವ ಇರೋದು ಮರದಲ್ಲಿ, ಎಲೆಯಲ್ಲಿ. ಮರ ಕಡಿದು ಸಾಗಿಸಿದ್ರೆ ಅದೂ ಹೋಯ್ತು. ಸ್ಟೆಪಿಯಲ್ಲಿ ಬೀಳೋದು ವರ್ಷಕ್ಕೆ 400ರಿಂದ 600 ಮಿ.ಮೀ., ಅದರಲ್ಲೂ ಒಂದು ಪಾಲು ಹಿಮವಾಗಿ. ಆ ನೀರು ಮಣ್ಣನ್ನ ಪೂರ್ತಿ ತೊಳೆಯೋಕೆ ಸಾಲಲ್ಲ. ಸುಣ್ಣ ಒಂದು ಮೀಟರ್ ಆಸುಪಾಸು ಇಳಿದು ಅಲ್ಲೇ ನಿಂತ್ಕೊಳ್ಳುತ್ತೆ. ಮೇಲ್ಪದರದಲ್ಲಿ ಉಳಿದ ಕ್ಯಾಲ್ಸಿಯಂ ಹ್ಯೂಮಸ್ (ಕೊಳೆತ ಸಸ್ಯದಿಂದಾದ ಕಪ್ಪು ವಸ್ತು) ಜೊತೆ ಕಟ್ಟಿಕೊಂಡು ಅದನ್ನ ಹಿಡಿದಿಡುತ್ತೆ. ಅದೇ ಕಪ್ಪು ಬಣ್ಣ. ಪರೀಕ್ಷೆಗೆ ಇಷ್ಟು ಸಾಕು.

ಕಾನ್ಸಾಸ್_ಕನ್ನಡಿಗ
ಮೇಷ್ಟ್ರು ಹೇಳಿದ್ದು ಸರಿ, ಆದ್ರೆ ಅರ್ಧ ಕಥೆ. ಆ ಹ್ಯೂಮಸ್ ಬಂದಿದ್ದೆಲ್ಲಿಂದ ಅನ್ನೋದೇ ಮುಖ್ಯ. ಅದು ಬಂದಿದ್ದು ಬೇರಿಂದ. ನಾನಿರೋದು ಕಾನ್ಸಾಸ್‌ನ ಮ್ಯಾನ್‌ಹಟನ್‌ನಲ್ಲಿ, ಧಾರವಾಡದಲ್ಲಿ ಕೃಷಿ ಓದಿ ಇಲ್ಲಿಗೆ ಬಂದೆ, ಕೆಲಸವೇ ಹುಲ್ಲಿನ ಬೇರು ತೊಳೆದು ತೂಕ ಮಾಡೋದು. ಇಲ್ಲಿನ ಬಿಗ್ ಬ್ಲೂಸ್ಟೆಮ್ ಅನ್ನೋ ಹುಲ್ಲು ಮೇಲೆ ಆಳೆತ್ತರ ಬೆಳೆಯುತ್ತೆ, ಬೇರು ಕೆಳಗೆ 2–3 ಮೀಟರ್ ಇಳಿಯುತ್ತೆ. ಮೇಲಿನ ಹುಲ್ಲಿಗಿಂತ ಕೆಳಗಿನ ಬೇರಿನ ತೂಕವೇ ಜಾಸ್ತಿ. ಮಣ್ಣಿನ ಕೋರ್ ತೆಗೆದು ಜರಡಿ ಮೇಲೆ ನೀರು ಬಿಟ್ರೆ ಮೊದಲ ಒಂದು ಗೇಣಿನಷ್ಟು ಮಣ್ಣು ಕರಗೋದೇ ಇಲ್ಲ, ಕೂದಲಿನಂಥ ಬೇರು ಅಷ್ಟು ಒತ್ತಾಗಿ ಹೆಣೆದಿರುತ್ತೆ, ಬೆರಳಲ್ಲಿ ಬಿಡಿಸಿ ಬಿಡಿಸಿ ತೊಳೀಬೇಕು. ಈ ಬೇರಲ್ಲಿ ದೊಡ್ಡ ಪಾಲು ಪ್ರತಿ ವರ್ಷ ಸಾಯುತ್ತೆ, ಹೊಸದು ಬರುತ್ತೆ. ಸತ್ತಿದ್ದು ಅಲ್ಲೇ, ಮಣ್ಣೊಳಗೇ ಕೊಳೆಯುತ್ತೆ. ಕಾಡಲ್ಲಿ ಎಲೆ ಮೇಲೆ ಉದುರಿ ಮೇಲೇ ಕೊಳೆತು ಗಾಳಿಗೆ ಹೋಗುತ್ತೆ, ಹುಲ್ಲುಗಾವಲಲ್ಲಿ ಗೊಬ್ಬರ ಒಂದೆರಡು ಮೀಟರ್ ಆಳಕ್ಕೆ ತಾನಾಗೇ ಹೋಗಿ ಕೂರುತ್ತೆ.

ಇನ್ನು ಹವಾಮಾನ. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುತ್ತೆ, ಬೇಸಿಗೆ ಕೊನೆಗೆ ಒಣಗುತ್ತೆ. ಕೊಳೆಸೋ ಸೂಕ್ಷ್ಮಜೀವಿಗಳಿಗೆ ವರ್ಷದಲ್ಲಿ ಕೆಲಸ ಇರೋದು ಕೆಲವೇ ತಿಂಗಳು. ಹೊರಗಿಟ್ಟ ಅನ್ನಕ್ಕೂ ಫ್ರಿಜ್ಜಲ್ಲಿಟ್ಟ ಅನ್ನಕ್ಕೂ ಇರೋ ವ್ಯತ್ಯಾಸ ಅಂದ್ಕೊಳ್ಳಿ. ಬೇರು ಸೇರೋ ವೇಗಕ್ಕಿಂತ ಕೊಳೆಯೋ ವೇಗ ಕಮ್ಮಿ, ಸಾವಿರಾರು ವರ್ಷ ಹೀಗೇ ನಡೀತು ಅಂದ್ರೆ ಒಂದು ಮೀಟರ್ ಕಪ್ಪು ಮಣ್ಣು.

ಗದಗಿನ_ಎರಿಹೊಲ
ಸರ ನೀವು ಹೇಳಿದ್ದು ಕೇಳಿ ಕರಿಕಿ ನೆನಪಾತು. ನಮ್ಮ ಎರಿ ಹೊಲಕ್ಕ ಕರಿಕಿ ಬಿದ್ರ ಮುಗೀತು, ಕುಂಟಿ ಹೊಡದ್ರ ಹೋಗಂಗಿಲ್ಲ, ರಂಟಿ ಹೊಡದ್ರ ತುಂಡ ತುಂಡ ಆಗಿ ಇನ್ನಷ್ಟ ಹಬ್ಬತೈತಿ. ನಮ್ಮ ಅಜ್ಜನ ಕಾಲದಾಗ ಬ್ಯಾಸಿಗ್ಯಾಗ ಆಳ ಹಚ್ಚಿ ಆಳಕ್ಕ ಅಗಿಸಿ, ದೊಡ್ಡ ದೊಡ್ಡ ಹೆಂಟಿ ಎಬ್ಬಿಸಿ, ಬಿಸಲಿಗೆ ಬೇರ ಒಣಗಿಸಿ ಆರಸತಿದ್ರು. ಅಷ್ಟ ಆಳ ಇಳದಿರತೈತಿ ಅದು. ಒಂದ ಹುಲ್ಲಿಗೇ ಇಷ್ಟ ತಾಕತ್ತ ಅಂದಮ್ಯಾಲ ಸಾವಿರ ವರ್ಷ ಯಾರೂ ರಂಟಿ ಹೊಡೀದ ನೆಲ ಹ್ಯಾಂಗಿರಬೇಕ.

ಈಗ ನಮ್ಮ ಎರಿ ವಿಷಯಕ್ಕ ಬರ್ರಿ. ನಮ್ಮ ಎರಿ ಯಾರಿಗೂ ಕಮ್ಮಿ ಇಲ್ಲ. ಮುಂಗಾರಿ ಮಳಿ ಕುಡದ ಇಟ್ಕೊಂಡ್ರ ಹಿಂಗಾರ್ಯಾಗ ಬಿಳಿಜೋಳ, ಕಡ್ಲಿ, ಕುಸುಬಿ ಬರೇ ಇಬ್ಬನಿ ಮ್ಯಾಲ ಬರ್ತಾವ. ಉಕ್ರೇನಿನ ಮಣ್ಣು ಇದಕ್ಕಿಂತ ಏನ್ ಹೆಚ್ಚಿಂದು?

ಕಾನ್ಸಾಸ್_ಕನ್ನಡಿಗ
ಎರಿ ಕಮ್ಮಿ ಅಂತ ನಾನೆಲ್ಲಿ ಅಂದೆ ಅಣ್ಣಾ. ಆದ್ರೆ ಜಾತಿ ಬೇರೆ. ಚೆರ್ನೋಜೆಮ್ ಕಪ್ಪಾಗಿರೋದು ಹ್ಯೂಮಸ್ ಹೇರಳವಾಗಿ ಇರೋದ್ರಿಂದ, ಒಳ್ಳೆ ಕಡೆ ನೂರಕ್ಕೆ 6–8 ಭಾಗ. ನಮ್ಮ ಎರೆಯಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ 1 ಭಾಗಕ್ಕಿಂತ ಕೆಳಗೆ. ಇರೋ ಅಲ್ಪ ಹ್ಯೂಮಸ್ಸೇ ಜೇಡಿಗೆ ಬಿಗಿಯಾಗಿ ಅಂಟಿ ಅಷ್ಟು ಕಪ್ಪಾಗಿ ಕಾಣುತ್ತೆ. ಎರೆಯ ಶಕ್ತಿ ಇರೋದು ಜೇಡಿಯಲ್ಲಿ. ಬಸಾಲ್ಟ್‌ನಂಥ ಕಲ್ಲು ಸವೆದು ಬಂದ ಸ್ಮೆಕ್ಟೈಟ್ ಜೇಡಿ ಅದು, ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಬಿರಿಯುತ್ತೆ. ಮಣ್ಣಿನ ವರ್ಗೀಕರಣದಲ್ಲಿ ಇದು ವರ್ಟಿಸೋಲ್, ಪ್ರೈರಿಯದ್ದೂ ಚೆರ್ನೋಜೆಮ್ಮೂ ಮಾಲಿಸೋಲ್. ಚೆರ್ನೋಜೆಮ್ ಎರೆಯ ಹಾಗೆ ಬಿರಿಯಲ್ಲ, ಕೈಗೆ ತಗೊಂಡು ಹಿಸುಕಿದ್ರೆ ಸಣ್ಣ ಸಣ್ಣ ಕಾಳು ಕಾಳಾಗಿ ಉದುರುತ್ತೆ. ಅದರ ಅಡಿಗೆ ಬಹುಪಾಲು ಇರೋದು ಲೋಯೆಸ್, ಹಿಮಯುಗದಲ್ಲಿ ಗಾಳಿ ತಂದು ಸುರಿದ ನುಣ್ಣನೆ ಧೂಳು.

ಗದಗಿನ_ಎರಿಹೊಲ
ಹೌದ್ ಬಿಡ್ರಿ, ನಮ್ಮಲ್ಲಿ ಬ್ಯಾಸಿಗ್ಯಾಗ ಹೊಲದಾಗ ದನದ ಕಾಲ ಸಿಗಬೀಳೋವಷ್ಟ ಸೀಳ ಬಿಡ್ತೈತಿ. ಮಳಿ ಆದಮ್ಯಾಗ ಹೊಲಕ್ಕ ಕಾಲಿಟ್ರ ಚಪ್ಪಲಿ ಅಲ್ಲೇ ಬಿಟ್ಟ ಬರಬೇಕ.

ಸಸ್ಕಾಟೂನ್_ಅಕ್ಕ
ನಾನು ಕೆನಡಾದ ಸಸ್ಕಾಚೆವಾನ್‌ನಲ್ಲಿದೀನಿ, ಅದೇ ಪ್ರೈರಿಯ ಉತ್ತರದ ತುದಿ. ಇಲ್ಲಿ ಹವಾಮಾನಕ್ಕೂ ಮಣ್ಣಿಗೂ ಇರೋ ನಂಟು ಕಾರಲ್ಲಿ ಕೂತೇ ನೋಡಬಹುದು. ಅಮೆರಿಕ ಗಡಿ ಹತ್ರ, ನೈಋತ್ಯ ಮೂಲೆಯಲ್ಲಿ ಮಳೆ ತೀರಾ ಕಮ್ಮಿ, ಹುಲ್ಲು ಗಿಡ್ಡ, ಮಣ್ಣು ಕಂದು. ಸಸ್ಕಾಟೂನ್ ಕಡೆ ಬಂದ್ರೆ ಗಾಢ ಕಂದು. ಇನ್ನೂ ಉತ್ತರಕ್ಕೆ, ಈಶಾನ್ಯಕ್ಕೆ ಹೋದ್ರೆ ಕರ್ರಗೆ. ಅದನ್ನೂ ದಾಟಿ ಕಾಡು ಶುರುವಾದ ಮೇಲೆ ಮಣ್ಣು ಬೂದು ಬಣ್ಣ, ಸತ್ವ ಕಮ್ಮಿ. ಇಲ್ಲಿನ ಮಣ್ಣಿನ ನಕ್ಷೆಯಲ್ಲಿ ಇವೆಲ್ಲ ಕಮಾನಿನ ಥರ ಒಂದರ ಪಕ್ಕ ಒಂದು ಪಟ್ಟಿ. ಹೊಸ ರಸ್ತೆಗೆ ನೆಲ ಕಡಿದಿದ್ರೆ ನಿಲ್ಲಿಸಿ ನೋಡ್ತೀನಿ. ಮೇಲೆ ಕಪ್ಪು, ಕೆಳಗೆ ಹಳದಿ ಮಣ್ಣು, ನಡುವೆ ಸುಣ್ಣದ ಬಿಳಿ ಪುಡಿ ಚದುರಿರುತ್ತೆ. ಅಲ್ಲಲ್ಲಿ ಹಳದಿ ಮಣ್ಣಿನೊಳಗೆ ದುಂಡನೆ ಕಪ್ಪು ಕಲೆ ಕಾಣುತ್ತೆ, ಅದು ನೆಲ ಅಳಿಲು ತೋಡಿದ ಹಳೇ ಬಿಲ, ಮೇಲಿನ ಮಣ್ಣು ಬಿದ್ದು ತುಂಬಿಕೊಂಡಿರೋದು. ಇವು ಮಣ್ಣನ್ನ ಮೇಲಿಂದ ಕೆಳಕ್ಕೆ ಕಲಸ್ತಾನೇ ಇರ್ತವೆ. ಸ್ಟೆಪಿಯಲ್ಲಿ ಇದೇ ಕೆಲಸ ಮಾರ್ಮಟ್ ಅನ್ನೋ ದಪ್ಪ ನೆಲ ಅಳಿಲುಗಳದ್ದು.

ಅಂದ ಹಾಗೆ ನಮ್ಮೂರ ಅಂಗಡೀಲಿ ಸಿಗೋ ಮಸೂರ್ ಬೇಳೆ, ಹಳದಿ ಬಟಾಣಿ ಇದೆಯಲ್ಲ, ಅದರಲ್ಲಿ ಬಹಳಷ್ಟು ಇಲ್ಲಿಂದಲೇ ಭಾರತಕ್ಕೆ ಹೋಗೋದು.

ಲೆಕ್ಕಾಚಾರ
ಅದು ಗೊತ್ತಿತ್ತು. 2022ರಲ್ಲಿ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ಬೆಲೆ ಹೇಗೆ ಏರಿತ್ತು ನೆನಪಿದ್ಯಾ? ನಮಗೆ ಬರ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಹೆಚ್ಚಿನದು ಉಕ್ರೇನ್‌ದೇ. ಅದೇ ಕರಿಮಣ್ಣು, ಈಗ ಅಲ್ಲಿ ಎಷ್ಟೋ ಹೊಲಗಳಲ್ಲಿ ನೆಲಬಾಂಬ್. ಇದಕ್ಕೆಲ್ಲ ಕಾರಣ...

ಅಡ್ಮಿನ್
ಯುದ್ಧದ ಚರ್ಚೆಗೆ ಬೇರೆ ಎಳೆ ಇದೆ, ಇಲ್ಲಿ ಬೇಡ. ಮಣ್ಣಿಗೆ ವಾಪಸ್ ಬನ್ನಿ.

ಕಳಸದ_ಹುಡುಗ
ಮಳೆ ಕಮ್ಮಿ ಇದ್ರೆ ಹುಲ್ಲು ಅಂತ ಎಲ್ರೂ ಒಪ್ಕೊಂಡುಬಿಟ್ರಲ್ಲ. ನಮ್ಮ ಕುದುರೆಮುಖಕ್ಕೆ ಬನ್ನಿ. ವರ್ಷಕ್ಕೆ 5000 ಮಿ.ಮೀ. ದಾಟುತ್ತೆ ಮಳೆ, ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯಲ್ಲಿ ಮಾತ್ರ ಶೋಲಾ ಕಾಡು. ಈಗ ಪುಸ್ತಕದ ಸಿದ್ಧಾಂತ ಏನಾಯ್ತು?

ಭೂಗೋಳ_ಮೇಷ್ಟ್ರು
ಅದು ಪರ್ವತದ ಹುಲ್ಲು, ಲೆಕ್ಕ ಬೇರೆ. ಮಣ್ಣಿನ ಪದರ ತೆಳು, ಗಾಳಿ ವಿಪರೀತ, ಮಳೆ ಎಲ್ಲಾ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತೆ. ನೀಲಗಿರಿಯಲ್ಲಾದ್ರೆ ಮೇಲಿಂದ ಇಬ್ಬನಿ ಹೆಪ್ಪುಗಟ್ಟಿ ಎಳೆ ಸಸಿ ಸುಟ್ಟುಹೋಗುತ್ತೆ. ಅವರು ಕೇಳಿದ್ದು ಪ್ರಪಂಚದ ದೊಡ್ಡ ಬಯಲುಗಳ ಬಗ್ಗೆ.

ಕಳಸದ_ಹುಡುಗ
ಮೇಷ್ಟ್ರೇ, ಸಿದ್ಧಾಂತ ಅಂದ್ಮೇಲೆ ಎಲ್ಲ ಕಡೆಗೂ ಹೊಂದಬೇಕಲ್ವಾ. "ಮನುಷ್ಯ ಕಾಡು ಕಡಿದು ಹುಲ್ಲು ಮಾಡಿದ" ಅಂತ ನಮ್ಮ ಹುಲ್ಲಿನ ಗುಡ್ಡಗಳಿಗೆ ಎಷ್ಟು ವರ್ಷ ಹೆಸರಿಟ್ಟಿದ್ರು. 1993ರಲ್ಲಿ ವಿಜ್ಞಾನಿ ಸುಕುಮಾರ್ ಮತ್ತವರ ಜೊತೆಗಾರರು ನೀಲಗಿರಿಯ ಜೌಗು ಮಣ್ಣಿನ ಇಂಗಾಲದ ಐಸೋಟೋಪ್ (ಬೇರೆ ಬೇರೆ ತೂಕದ ಇಂಗಾಲದ ಪರಮಾಣು) ಅಳೆದು ತೋರಿಸಿದ್ರು, ಅಲ್ಲಿ ಹುಲ್ಲು ಹಿಮಯುಗದ ಕಾಲದಿಂದಲೂ ಇದೆ ಅಂತ. ಹವಾಮಾನ ಬದಲಾದ ಹಾಗೆ ಹೆಚ್ಚುಕಮ್ಮಿ ಆಗಿದೆ ಅಷ್ಟೇ.

ಕಾನ್ಸಾಸ್_ಕನ್ನಡಿಗ
ಕಳಸದವರು ಎತ್ತಿದ್ದು ನಿಜವಾದ ಪ್ರಶ್ನೆ. ಬರೀ ಮಳೆಯಿಂದ ಬಯಲು ಪ್ರದೇಶದ್ದನ್ನೂ ವಿವರಿಸೋಕೆ ಆಗಲ್ಲ. ನಮ್ಮೂರ ಪಕ್ಕದಲ್ಲೇ ಕೊಂಜಾ ಪ್ರೈರಿ ಅಂತ ಸಂಶೋಧನಾ ಹುಲ್ಲುಗಾವಲಿದೆ, 1971ರಿಂದ. ಸರಾಸರಿ 835 ಮಿ.ಮೀ. ಮಳೆ, ಮರಕ್ಕೆ ಧಾರಾಳ ಸಾಕು. ಅಲ್ಲಿ ಒಂದು ತುಂಡು ಪ್ರತಿ ವರ್ಷ ಸುಡ್ತಾರೆ, ಇನ್ನೊಂದು 2 ವರ್ಷಕ್ಕೊಮ್ಮೆ, ಇನ್ನೊಂದು 4, ಇನ್ನೊಂದು 20. ವರ್ಷ ವರ್ಷ ಸುಟ್ಟಿದ್ದು ಹುಲ್ಲಾಗೇ ಇದೆ. ಬಿಟ್ಟಿದ್ದರಲ್ಲಿ ಪೊದೆ ಬಂತು, ಸೀಡರ್ ಮರ ಬಂತು. ಮೂವತ್ತು ನಲವತ್ತು ವರ್ಷ ಬೆಂಕಿ ಬೀಳದೇ ಇದ್ರೆ ಪೂರ್ತಿ ಸೀಡರ್ ಕಾಡೇ ಆಗುತ್ತೆ, ಅಡಿಗೆ ಒಂದೆಳೆ ಹುಲ್ಲಿರಲ್ಲ.

ಮಾರ್ಚ್ ಕೊನೆ, ಏಪ್ರಿಲ್‌ನಲ್ಲಿ ಇಲ್ಲಿನ ಫ್ಲಿಂಟ್ ಹಿಲ್ಸ್‌ನ ದನ ಸಾಕೋರೂ ಸುಡ್ತಾರೆ. ನಾನೂ ಕೈಜೋಡಿಸಿದೀನಿ. ಗಾಳಿ ಎತ್ತ ಹೋಗ್ತಿದೆ ನೋಡಿ, ಅದು ಹೋಗೋ ಕಡೆ ಮೊದಲು ಒಂದು ಪಟ್ಟಿ ನಿಧಾನಕ್ಕೆ ಸುಟ್ಟು ಕರಿ ಮಾಡ್ಕೋಬೇಕು, ಹಿಂದೆ ಪಿಕಪ್‌ನಲ್ಲಿ ನೀರಿನ ಟ್ಯಾಂಕ್ ಇರುತ್ತೆ, ಆಮೇಲೆ ಗಾಳಿ ಬರೋ ಕಡೆಯಿಂದ ಹಚ್ಚಿದ್ರೆ ಬೆಂಕಿ ಓಡಿಬಂದು ಆ ಕರಿಪಟ್ಟಿಗೆ ತಾಗಿ ತಾನೇ ಆರುತ್ತೆ. ಓಡೋ ಬೆಂಕಿಗೆ ಮಣ್ಣು ಒಂದಿಂಚು ಕೆಳಗೆ ಬಿಸಿಯೇ ಆಗಿರಲ್ಲ. ಹುಲ್ಲಿನ ಚಿಗುರೋ ಗೆಣ್ಣು ಇರೋದು ನೆಲದ ಮಟ್ಟಕ್ಕಿಂತ ಕೆಳಗೆ, ಮರದ ಸಸಿಗೆ ಅದು ಕೊಂಬೆ ತುದಿಯಲ್ಲಿ. ಬೆಂಕಿ, ಮೇಯೋ ಪ್ರಾಣಿ, ಬರ, ಈ ಮೂರನ್ನೂ ತಡ್ಕೊಳ್ಳೋ ಮೈಕಟ್ಟು ಹುಲ್ಲಿಂದು.

ಮರಪ್ರೇಮಿ_ಮೈಸೂರು
ಸುಡೋದನ್ನ ಹೊಗಳ್ತಿದೀರಲ್ಲ ಸರ್! ಹವಾಮಾನ ಬದಲಾವಣೆ ಕಾಲದಲ್ಲಿ ಇರೋ ಖಾಲಿ ಬಯಲಲ್ಲೆಲ್ಲ ಮರ ನೆಡಬೇಕು ಅನ್ನೋದು ಬಿಟ್ಟು. ಮರ ನೆಟ್ರೆ ಇಂಗಾಲ ಹಿಡಿಯುತ್ತೆ, ಮಳೆ ಬರುತ್ತೆ, ಇದು ಮಕ್ಕಳಿಗೂ ಗೊತ್ತು.

ಕಾನ್ಸಾಸ್_ಕನ್ನಡಿಗ
ಹುಲ್ಲುಗಾವಲು ಖಾಲಿ ಜಾಗ ಅಲ್ಲ ಸರ್. ಅದರ ಇಂಗಾಲದಲ್ಲಿ ಹೆಚ್ಚಿನ ಪಾಲು ನೆಲದೊಳಗಿದೆ, ಮೇಲೆ ಸುಟ್ರೂ ಅದು ಹೋಗಲ್ಲ, ಬೇಸಿಗೆ ಮುಗಿಯೋದ್ರೊಳಗೆ ಸುಟ್ಟಷ್ಟು ಹುಲ್ಲು ಮತ್ತೆ ಬಂದಿರುತ್ತೆ. ಒಣ ಬಯಲಲ್ಲಿ ನೆಟ್ಟ ಮರಕ್ಕೆ ಬೆಂಕಿ ಬಿದ್ರೆ ಹಿಡಿದಿಟ್ಟ ಇಂಗಾಲವೂ ಒಂದೇ ದಿನದಲ್ಲಿ ಹೊಗೆ.

ಸುಮ್ನೆ_ಓದುಗ
ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯದಲ್ಲಿ ನೀಲಗಿರಿ ಮರ ನೆಟ್ಟಿದ್ದು ನೋಡಿದೀನಿ. ಹುಲ್ಲಲ್ಲಿ ಓಡಾಡೋ ಪ್ರಾಣಿಗೆ ನೀಲಗಿರಿ ತೋಪು!

ಗದಗಿನ_ಎರಿಹೊಲ
ನಮ್ಮ ಕಡೆ ಕುರಿ ಮೇಯಿಸೋ ಮಂದೀನ ಕೇಳ್ರಿ. ಕಾಗದದಾಗ ಅದು ಪಾಳು ಭೂಮಿ, ಅವರಿಗೆ ಅದ ಹೊಟ್ಟಿ. ಚಳ್ಳಕೆರಿ ಕಡೆ ಅಮೃತಮಹಲ್ ಕಾವಲ ಎಷ್ಟ ಇತ್ತು, ಈಗ ಎಷ್ಟ ಉಳದೈತಿ?

ಮರಪ್ರೇಮಿ_ಮೈಸೂರು
ನಾನು ಕಾವಲಿನ ಬಗ್ಗೆ ಹೇಳಿದ್ದಲ್ಲ. ಮರ ಬರಬಹುದಾದ ಕಡೆ ಮರ ಇರೋದು ಒಳ್ಳೇದು ಅನ್ನೋ ಮಾತಿಗೆ ಈಗಲೂ ಬದ್ಧ.

ನೈರೋಬಿ_ನಿವಾಸಿ
ಮರ "ಬರಬಹುದಾದ" ಕಡೆ ಅನ್ನೋದನ್ನ ನಿರ್ಧಾರ ಮಾಡೋದು ಯಾರು? ಟಾಂಜಾನಿಯಾದ ಸೆರೆಂಗೆಟಿ ನೋಡಿ. ದಕ್ಷಿಣದ ಗಿಡ್ಡ ಹುಲ್ಲಿನ ಬಯಲಲ್ಲಿ ಗಂಟೆಗಟ್ಟಲೆ ಹೋದ್ರೂ ಒಂದು ಮರ ಸಿಗಲ್ಲ. ಅಲ್ಲಿನ ಮಣ್ಣು ಜ್ವಾಲಾಮುಖಿ ಬೂದಿ, ಎನ್‌ಗೊರೊಂಗೊರೊ ಕಡೆ ಬೆಟ್ಟಗಳಿಂದ ಗಾಳಿ ಹೊತ್ತು ತಂದಿದ್ದು. ಮಳೆ ನೀರು ಆ ಬೂದಿಯ ಸುಣ್ಣ ಕರಗಿಸಿ ಸ್ವಲ್ಪ ಕೆಳಗೆ ಇಳಿಸಿ ಅಲ್ಲೇ ಒಣಗಿ ಕಲ್ಲಿನಂಥ ಪದರ ಆಗಿದೆ, ಒಂದು ಮೀಟರೊಳಗೇ. ಮರದ ಬೇರು ಅದನ್ನ ಒಡೆಯಲಾರದು, ಹುಲ್ಲಿಗೆ ಮೇಲಿನಷ್ಟೇ ಸಾಕು. ಆ ಹುಲ್ಲಲ್ಲಿ ಕ್ಯಾಲ್ಸಿಯಂ, ರಂಜಕ ಜಾಸ್ತಿ, ಅದಕ್ಕೇ ವೈಲ್ಡ್‌ಬೀಸ್ಟ್ ಅನ್ನೋ ದೊಡ್ಡ ಹುಲ್ಲೆಗಳ ಹಿಂಡು ಜನವರಿ ಫೆಬ್ರವರಿಯಲ್ಲಿ ಮರಿ ಹಾಕೋಕೆ ಅಲ್ಲಿಗೇ ಬರೋದು. ವಾಯವ್ಯಕ್ಕೆ ಹೋದ್ರೆ ಮಳೆ ಎರಡರಷ್ಟು, ಮಣ್ಣೂ ಆಳ, ಅಲ್ಲಿ ಅಕೇಶಿಯಾ ಮರ ಇದೆ.

ಇನ್ನೊಂದು ವಿಷಯ ಕೇಳಿ, ನನಗಂತೂ ಇದು ಮರೆಯೋಕಾಗದ ಕಥೆ. 1890ರ ಹೊತ್ತಿಗೆ ಪೂರ್ವ ಆಫ್ರಿಕಾಗೆ ದನದ ದೊಡ್ಡರೋಗ, ರಿಂಡರ್‌ಪೆಸ್ಟ್, ಬಂತು. ದನಗಳ ಜೊತೆ ವೈಲ್ಡ್‌ಬೀಸ್ಟೂ ಸತ್ತವು. ಆಮೇಲೆ ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ್ಮೇಲೆ 1960ರ ದಶಕದಲ್ಲಿ ರೋಗ ನಿಂತಿತು. 1961ರಲ್ಲಿ ಸುಮಾರು ಎರಡೂವರೆ ಲಕ್ಷ ಇದ್ದ ವೈಲ್ಡ್‌ಬೀಸ್ಟ್ 1970ರ ದಶಕದ ಕೊನೆಗೆ 13 ಲಕ್ಷದ ಆಸುಪಾಸು. ಅಷ್ಟು ಬಾಯಿ ಮೇಯೋಕೆ ನಿಂತಾಗ ಒಣಹುಲ್ಲು ಉಳೀಲಿಲ್ಲ, ಒಣಹುಲ್ಲಿಲ್ಲದೆ ಬೆಂಕಿ ಕಮ್ಮಿ ಆಯ್ತು, ಬೆಂಕಿ ಕಮ್ಮಿ ಆದ್ಮೇಲೆ ಉತ್ತರದ ಕಡೆ ಮರ ಹೆಚ್ಚಾದ್ವು. ದನಕ್ಕೆ ಹಾಕಿದ ಲಸಿಕೆಯಿಂದ ಮರ ಬಂತು! ಮಳೆ ಒಂದೇ ಲೆಕ್ಕ ಅನ್ನೋರು ಇದಕ್ಕೇನಂತೀರಿ?

ಕಳಸದ_ಹುಡುಗ
ಅಬ್ಬಾ. ಇದು ಗೊತ್ತೇ ಇರಲಿಲ್ಲ.

ಕೆಎಎಸ್_ತಯಾರಿ_ದಾವಣಗೆರೆ
ಎಲ್ಲರಿಗೂ ಥ್ಯಾಂಕ್ಸ್, ಪುಸ್ತಕದ ನಾಲ್ಕು ಸಾಲಿನ ಹಿಂದೆ ಇಷ್ಟಿದೆ ಅಂತ ಅಂದ್ಕೊಂಡಿರಲಿಲ್ಲ. ಹಾಗಾದ್ರೆ "ಹುಲ್ಲುಗಾವಲಿನ ಮಣ್ಣು ಫಲವತ್ತು" ಅಂತ ಒಂದೇ ಸಾಲಲ್ಲಿ ಬರೀಬಹುದಾ?

ಲೆಕ್ಕಾಚಾರ
ಬರೀಬೇಡಿ. ಬ್ರೆಜಿಲ್‌ನ ಸೆರಾಡೊ ಇದೆಯಲ್ಲ, ಅದೂ ಹುಲ್ಲು, ಕುರುಚಲು ಮರದ ಸವನ್ನಾ. ಮಳೆ 1500 ಮಿ.ಮೀ. ಆಸುಪಾಸು. ಮಣ್ಣು ಕೆಂಪು, ಹುಳಿ, ರಂಜಕ ಇಲ್ಲ, ಬೇರನ್ನ ಸುಡೋವಷ್ಟು ಅಲ್ಯೂಮಿನಿಯಂ. ಬಹಳ ಕಾಲ ಅದನ್ನ ಬೇಸಾಯಕ್ಕೆ ಬಾರದ ಜಾಗ ಅಂತಲೇ ಬಿಟ್ಟಿದ್ರು. 1973ರಲ್ಲಿ ಎಂಬ್ರಾಪಾ ಅನ್ನೋ ಸರ್ಕಾರಿ ಸಂಶೋಧನಾ ಸಂಸ್ಥೆ ಶುರುವಾದ ಮೇಲೆ ಎಕರೆಗೆ ಟನ್‌ಗಟ್ಟಲೆ ಸುಣ್ಣ, ರಂಜಕ ಸುರಿದು, ಬಿಸಿ ಹವೆಗೆ ಒಗ್ಗೋ ಸೋಯಾ ತಳಿ ತಂದು ಹೊಲ ಮಾಡಿದ್ರು. ಅದಕ್ಕೆ 2006ರ ವಿಶ್ವ ಆಹಾರ ಪ್ರಶಸ್ತಿಯೂ ಬಂತು. ವೆನೆಜುವೆಲಾ, ಕೊಲಂಬಿಯಾದ ಲಾನೋಸ್ ಮಳೆಗಾಲದಲ್ಲಿ ನೀರಲ್ಲಿ ಮುಳುಗುತ್ತೆ, ಬೇಸಿಗೆಯಲ್ಲಿ ಒಣಗಿ ಸುಡುತ್ತೆ. ಅಲ್ಲಿನ ಮಣ್ಣೂ ಬಹುಪಾಲು ಸತ್ವ ಇಲ್ಲದ್ದೇ. ಉಷ್ಣವಲಯದ ಸವನ್ನಾ ಬೇರೆ, ಸಮಶೀತೋಷ್ಣದ ಸ್ಟೆಪಿ, ಪ್ರೈರಿ, ಪಂಪಾಸ್ ಬೇರೆ. ಕಪ್ಪು ಮಣ್ಣಿನ ಕಥೆ ಎರಡನೇದಕ್ಕೆ ಮಾತ್ರ.

ಭೂಗೋಳ_ಮೇಷ್ಟ್ರು
ಸರಿಯಾಗಿ ಹೇಳಿದ್ರಿ. ಜೊತೆಗೆ ರಷ್ಯಾದ ವಿಜ್ಞಾನಿ ಡೊಕುಚೇವ್ ಹೆಸರು ಬರೀಮ್ಮ. ಅಲ್ಲಿವರೆಗೆ ಮಣ್ಣು ಅಂದ್ರೆ ಕಲ್ಲು ಸವೆದ ಪುಡಿ ಅಂತಲೇ ಹೆಚ್ಚಿನವರು ತಿಳಿದಿದ್ರು. ಆತ 1870ರ ದಶಕದ ಬರದ ನಂತರ ರಷ್ಯಾದ ಸ್ಟೆಪಿಯಲ್ಲಿ ಸಾವಿರಾರು ಕಿಲೋಮೀಟರ್ ಸುತ್ತಿ, ಗುಂಡಿ ತೋಡಿ ನೋಡಿ, 1883ರಲ್ಲಿ ಚೆರ್ನೋಜೆಮ್ ಬಗ್ಗೆ ಗ್ರಂಥ ಪ್ರಕಟಿಸಿದ. ಹವಾಮಾನ, ಸಸ್ಯ ಪ್ರಾಣಿ, ಕೆಳಗಿನ ಮೂಲವಸ್ತು, ನೆಲದ ಏರಿಳಿತ, ಕಾಲ, ಇವೆಲ್ಲ ಸೇರಿ ಮಣ್ಣು ಹುಟ್ಟುತ್ತೆ ಅಂತ ಸಾಧಿಸಿದ. ಮಣ್ಣಿನ ವಿಜ್ಞಾನ ಹುಟ್ಟಿದ್ದೇ ಹುಲ್ಲುಗಾವಲಲ್ಲಿ.

ಗದಗಿನ_ಎರಿಹೊಲ
ಅದೆಲ್ಲಾ ಖರೆ. ಈಗ ಆ ಕರಿಮಣ್ಣಿನ ಗತಿ ಏನಾಗೇತಿ ಹೇಳ್ರಿ, ನೂರಾರು ವರ್ಷದಿಂದ ರಂಟಿ ಹೊಡ್ಯಾಕತ್ತಾರಲ್ಲ.

ಕಾನ್ಸಾಸ್_ಕನ್ನಡಿಗ
ಹೇಳ್ತೀನಿ ಅಣ್ಣಾ, ಹೇಳೋಕೆ ಹೊಟ್ಟೆ ಉರಿಯುತ್ತೆ. ಮೊದಲು ಬಂದ ವಲಸಿಗರ ಎರಕದ ನೇಗಿಲಿಗೆ ಈ ಅಂಟು ಮಣ್ಣು ಮೆತ್ತಿಕೊಂಡು ಉಳೋಕೇ ಆಗ್ತಿರಲಿಲ್ಲ. 1837ರಲ್ಲಿ ಇಲಿನಾಯ್‌ನ ಕಮ್ಮಾರ ಜಾನ್ ಡೀರ್ ನುಣುಪಾದ ಉಕ್ಕಿನ ಗುಳ ಮಾಡಿದ, ಮಣ್ಣು ಜಾರಿತು, ಆಮೇಲೆ ಹಿಡಿಯೋರಿಲ್ಲ. ಎತ್ತರ ಹುಲ್ಲಿನ ಪ್ರೈರಿ ಈಗ ಉಳಿದಿರೋದು ನೂರಕ್ಕೆ 4 ಭಾಗಕ್ಕಿಂತ ಕಮ್ಮಿ. ಅಯೋವಾದಲ್ಲಂತೂ ಸಾವಿರಕ್ಕೆ ಒಂದು ಭಾಗವೂ ಇಲ್ಲ. ನಮ್ಮ ಫ್ಲಿಂಟ್ ಹಿಲ್ಸ್ ಉಳಿದಿದ್ದು ಯಾರ ಕರುಣೆಯಿಂದಲೂ ಅಲ್ಲ, ಅಲ್ಲಿ ಮಣ್ಣಿನ ಕೆಳಗೇ ಸುಣ್ಣಕಲ್ಲು, ಚಕಮಕಿ ಕಲ್ಲು, ನೇಗಿಲು ಮುರೀತು, ಬಿಟ್ಟುಬಿಟ್ರು. ಉತ್ತ ತಕ್ಷಣ ಮಣ್ಣಿಗೆ ಗಾಳಿ ಸೇರುತ್ತೆ, ಹ್ಯೂಮಸ್ ಬೇಗ ಕೊಳೆಯುತ್ತೆ, ಗುಡ್ಡದ ನೆತ್ತಿಯಿಂದ ಮಣ್ಣು ಇಳಿದು ಹೋಗುತ್ತೆ. 2021ರಲ್ಲಿ ಉಪಗ್ರಹ ಚಿತ್ರ ಇಟ್ಕೊಂಡು ಅಂದಾಜು ಮಾಡಿದ್ರು, ಮೆಕ್ಕೆಜೋಳದ ಸೀಮೆಯಲ್ಲಿ ಸುಮಾರು ಮೂರರಲ್ಲೊಂದು ಭಾಗ ಹೊಲದಲ್ಲಿ ಕಪ್ಪು ಮೇಲ್ಮಣ್ಣು ಪೂರ್ತಿ ಹೋಗಿದೆ ಅಂತ. ವಿಮಾನದಿಂದ ನೋಡಿದ್ರೂ ದಿಬ್ಬದ ತಲೆಗಳೆಲ್ಲ ಬೋಳಾಗಿ ಹಳದಿ ಕಾಣುತ್ತೆ.

ಪಶ್ಚಿಮಕ್ಕೆ, ರಾಕಿ ಪರ್ವತದ ಮಳೆ ನೆರಳಿನ ಕಡೆ ಇನ್ನೂ ಕೆಟ್ಟದ್ದಾಯ್ತು. ಮೊದಲ ಮಹಾಯುದ್ಧದ ಗೋಧಿ ಬೆಲೆ ನೋಡಿ ಗಿಡ್ಡ ಹುಲ್ಲಿನ ನೆಲವನ್ನೂ ಟ್ರ್ಯಾಕ್ಟರಲ್ಲಿ ಉತ್ರು. 1930ರ ದಶಕದಲ್ಲಿ ಬರ ಬಂತು, ಹಿಡಿಯೋಕೆ ಬೇರಿಲ್ಲ, ಮಣ್ಣು ಎದ್ದು ಹಾರಿತು. 1935ರ ಏಪ್ರಿಲ್ 14ರಂದು ಹಗಲೇ ಕತ್ತಲಾಯ್ತು. ಅದೇ ತಿಂಗಳು ಮಣ್ಣು ಸಂರಕ್ಷಣೆಯ ಕಾನೂನು ಬಂತು.

ಸಸ್ಕಾಟೂನ್_ಅಕ್ಕ
ಇಲ್ಲೂ ಅದೇ. 1857–60ರಲ್ಲಿ ನೆಲ ಪರಿಶೀಲಿಸೋಕೆ ಬಂದ ಪಾಲಿಸರ್ ಅನ್ನೋ ಅನ್ವೇಷಕನ ತಂಡ ಇಲ್ಲಿನ ದಕ್ಷಿಣದ ಒಣ ತ್ರಿಕೋನ ಬೇಸಾಯಕ್ಕೆ ಆಗಲ್ಲ ಅಂತ ಬರೆದಿಟ್ಟಿತ್ತು. ಯಾರೂ ಕೇಳಲಿಲ್ಲ. ಈಗ ಪರವಾಗಿಲ್ಲ, 1990ರ ದಶಕದಿಂದ ಹೆಚ್ಚಿನ ರೈತರು ಉಳೋದನ್ನೇ ಬಿಟ್ಟಿದಾರೆ. ಹಳೇ ಕೂಳೆ ನಿಂತಿರುತ್ತೆ, ಅದರ ನಡುವೆ ಸೀಳು ಬಿಟ್ಟು ಬೀಜ, ಗೊಬ್ಬರ ಒಟ್ಟಿಗೆ ಬಿಡೋದು. ಕೂಳೆ ಹಿಮ ಹಿಡಿಯುತ್ತೆ, ಹಿಮ ಕರಗಿ ಹಸಿ ಉಳಿಯುತ್ತೆ. ಮೊದಲು ಒಂದು ವರ್ಷ ಹೊಲ ಪಾಳು ಬಿಡ್ತಿದ್ರಲ್ಲ, ಆ ಜಾಗಕ್ಕೇ ಮಸೂರ್, ಬಟಾಣಿ ಬಂದಿದ್ದು.

ಲೆಕ್ಕಾಚಾರ
ಕಳೆನಾಶಕ ಸುರಿದು ಉಳದೇ ಇರೋದು ಅಂತಲೂ ಹೇಳಿ ಅಕ್ಕ.

ಸಸ್ಕಾಟೂನ್_ಅಕ್ಕ
ಹೌದು, ಅದಿಲ್ಲದೆ ಇಲ್ಲಿ ಯಾರೂ ಮಾಡ್ತಿಲ್ಲ. ಗಾಳಿಗೆ ಮಣ್ಣು ಹಾರೋದು ಮತ್ತು ಕಳೆನಾಶಕ, ಎರಡರಲ್ಲಿ ಒಂದು ಆರಿಸ್ಕೋಬೇಕಾದ ಪರಿಸ್ಥಿತಿ.

ಭೂಗೋಳ_ಮೇಷ್ಟ್ರು
ಸೋವಿಯತ್‌ನವರೂ ಪಾಠ ಕಲೀಲಿಲ್ಲ. 1954ರಲ್ಲಿ ಕ್ರುಶ್ಚೇವ್ ಕಾಲದಲ್ಲಿ ಉತ್ತರ ಕಜಾಕಸ್ತಾನ್, ಸೈಬೀರಿಯಾದ ಕನ್ಯಾಭೂಮಿ ಉಳೋ ಚಳವಳಿ, 1960ರೊಳಗೆ 4 ಕೋಟಿ ಹೆಕ್ಟೇರ್ ದಾಟಿತು. 1956ರಲ್ಲಿ ಭರ್ಜರಿ ಫಸಲು, 60ರ ದಶಕ ಶುರುವಾಗೋದ್ರೊಳಗೆ ಧೂಳು. ಆಮೇಲೆ ಶೋರ್ತಂಡಿ ಸಂಶೋಧನಾ ಕೇಂದ್ರದಲ್ಲಿ ಬರಾಯೆವ್ ಅನ್ನೋ ವಿಜ್ಞಾನಿ ಮಣ್ಣು ಮಗುಚದೆ ಕೂಳೆ ಬಿಟ್ಟು ಬಿತ್ತೋ ಕ್ರಮ ತಂದ.

ಕಳಸದ_ಹುಡುಗ
ಉತ್ತಿದ್ದನ್ನ ಹಾಗೇ ಬಿಟ್ರೆ ಹಳೇ ಹುಲ್ಲುಗಾವಲು ವಾಪಸ್ ಬರುತ್ತಾ?

ಕಾನ್ಸಾಸ್_ಕನ್ನಡಿಗ
ಹುಲ್ಲು ಬರುತ್ತೆ, ಬೀಜ ತಂದು ಹಾಕಿದ್ರೆ. ಶಿಕಾಗೋ ಹತ್ರ ಫರ್ಮಿಲ್ಯಾಬ್ ಅನ್ನೋ ಭೌತವಿಜ್ಞಾನ ಕೇಂದ್ರದ ಆವರಣದಲ್ಲಿ 1975ರಿಂದ ಮಾಡ್ತಿದಾರೆ, ಚೆನ್ನಾಗೇ ಬಂದಿದೆ. ಆದ್ರೆ ಮಣ್ಣಿನ ಇಂಗಾಲ ತುಂಬೋದು ಹತ್ತಾರು ವರ್ಷದ ಕೆಲಸ, ಹಳೇ ಮಟ್ಟ ಮುಟ್ಟೋಕೆ ನೂರು ವರ್ಷವೂ ಸಾಲದೇ ಇರಬಹುದು. ಇನ್ನೊಂದು ಪ್ರಯತ್ನ ಇಲ್ಲೇ ಕಾನ್ಸಾಸ್‌ನ ಸಲೈನಾದಲ್ಲಿದೆ. ಲ್ಯಾಂಡ್ ಇನ್‌ಸ್ಟಿಟ್ಯೂಟ್ ಅಂತ, 1976ರಲ್ಲಿ ವೆಸ್ ಜಾಕ್ಸನ್ ಶುರು ಮಾಡಿದ್ದು. ವರ್ಷ ವರ್ಷ ಬಿತ್ತದೆ ಬಹುವಾರ್ಷಿಕ ಹುಲ್ಲಿಂದಲೇ ಕಾಳು ತೆಗೆಯೋದು. ಕರ್ನ್‌ಜಾ ಅಂತ ಒಂದು ಬಂದಿದೆ, ಬೇರು 3 ಮೀಟರ್ ತನಕ ಹೋಗುತ್ತೆ.

ಗದಗಿನ_ಎರಿಹೊಲ
ಇಳುವರಿ ಎಷ್ಟ?

ಕಾನ್ಸಾಸ್_ಕನ್ನಡಿಗ
ಕಾಳು ಸಣ್ಣದು, ಗೋಧಿಯ ಮೂರನೇ ಒಂದು ಭಾಗವೂ ಕಷ್ಟ. ಎರಡು ಮೂರು ವರ್ಷ ಆದ್ಮೇಲೆ ಇನ್ನೂ ಇಳಿಯುತ್ತೆ. ತಳಿ ಸುಧಾರಣೆ ನಡೀತಿದೆ. ಕೊಯ್ಲಾದ ಮೇಲೆ ಮೇವು ಸಿಗುತ್ತೆ, ಅದೊಂದು ಲಾಭ.

ಗದಗಿನ_ಎರಿಹೊಲ
ಮೂರನೇ ಒಂದು ಭಾಗಕ್ಕ ಯಾವ ರೈತ ಒಪ್ಪತಾನ್ರಿ. ಬಿಳಿಜೋಳಕ್ಕ ಹಂಗ ಬೇರ ಇಳಿಯೋ ತಳಿ ಮಾಡ್ಯಾರೇನು? ಕಾಳು, ಕಣಿಕಿ ಎರಡೂ ಸಿಗೋದಿದ್ರ ನಾ ಅರ್ಧ ಎಕರೆ ಬಿಟ್ಟ ಕೊಡ್ತೀನಿ, ನೋಡೇಬಿಡೋಣ.

ಕಾನ್ಸಾಸ್_ಕನ್ನಡಿಗ
ಸಲೈನಾದಲ್ಲೇ ಬಹುವಾರ್ಷಿಕ ಜೋಳದ ತಳಿ ಕೆಲಸವೂ ನಡೀತಿದೆ ಅಣ್ಣಾ, ಜಾನ್ಸನ್ ಹುಲ್ಲಿನ ಜೊತೆ ಕೂಡಿಸಿ. ರೈತರ ಹೊಲಕ್ಕೆ ಕೊಡೋ ಹಂತಕ್ಕೆ ಬಂದಿಲ್ಲ.

ಗದಗಿನ_ಎರಿಹೊಲ
ಜಾನ್ಸನ್ ಹುಲ್ಲು ಬ್ಯಾಡ್ರಿ, ಅದು ಕರಿಕಿಗಿಂತ ಕೆಟ್ಟದು. ಹೊಲಕ್ಕ ಹಬ್ಬಿದ್ರ ತಗಿಯೋರ್ ಯಾರು? ಮೊದಲ ಅದಕ್ಕ ಉತ್ತರ ಹೇಳ್ರಿ, ಆಮ್ಯಾಲ ಅರ್ಧ ಎಕರೆ.